ಭೋಂಗಾದ ಉಳಿದ ಮೂರು ನಿಮಿಷ

ದಾಂಡೇಲಿ
೧೨ ಡಿಸೆಂಬರ್ ೨೦೦೪, ಭಾನುವಾರ

ಸ್ವಸ್ತಿಶ್ರೀ ಸಮಸ್ತ ಪ್ರಾಸಸಾಮ್ರಾಜ್ಯ ಸಿಂಹಾಸನಾಧೀಶ್ವರ, ದಾಂಡೇಲಿ ಹಳಿಯಾಳ ಜೋಯಿಡಾ ಮುಂಡಗೋಡ ಚತುಃಸೀಮೆಗಳನ್ನು ಗಡಗಡ ನಡುಗಿಸುವ ಕಂಠೀರವ, ಹಳಿಯಾಳದ ಕಾಲೇಜು ಗ್ಯಾದರಿಂಗಿನಲ್ಲಿ ಎರಡು ಮೈಕುಗಳನ್ನೂ ಅಧ್ಯಕ್ಷರ ತಾಳ್ಮೆಯನ್ನೂ ಏಕಕಾಲಕ್ಕೆ ಸಂಹರಿಸಿದ ಮಹಾಶೂರ, ರ್‍ಯಾಪ್ ಶಿರೋಮಣಿ ಭೋಂಗಾ ಭಾಯ್ ಉರ್ಫ್ ಅಯಾಜ, ಸದ್ಯಕ್ಕೆ ಗಣೇಶಗುಡಿಯಲ್ಲಿ ಪ್ರವಾಸಿಗರ ರಬ್ಬರ್ ದೋಣಿಗೆ ಗಾಳಿ ಹಾಕುತ್ತ ಅಜ್ಞಾತವಾಸದಲ್ಲಿರುವವರ ದಿವ್ಯ ಸನ್ನಿಧಿಗೆ,

ತಮ್ಮ ಧ್ವನಿಸಂಯೋಜಕನೂ, ಪ್ರಚಾರ ಮಂತ್ರಿಯೂ, ಸಿಕ್ಕುಬಿದ್ದ ರೀಲನ್ನು ಪೆನ್ಸಿಲಿನಿಂದ ಸುತ್ತುವ ಏಕೈಕ ನೌಕರನೂ ಆದ ಕುಬೇರನು ಮಾಡುವ ದೀರ್ಘದಂಡ ನಮಸ್ಕಾರಗಳು.

ಲೇ ಅಯಾಜ, ಇದನ್ನೆಲ್ಲ ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ನೀನು ಬೂತಿಗೆ ಬಂದು, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ. ಮೂರು ಸಲ ಆಯಿತು. ಮನೆಯ ಸುದ್ದಿ ಬೇಡ ಅಂತೀಯಂತೆ. ಕಾಗದವನ್ನು ಇಟ್ಟುಬಿಡಲು ಬರುವುದಿಲ್ಲ, ಹರಿಯಬೇಕಾಗುತ್ತದೆ. ಹರಿಯುವ ಮೊದಲು ಒಂದು ಸಾಲು ಓದು: ನಿನ್ನ ಅಬ್ಬಾ ನಿನ್ನನ್ನು ಕರೆದಿದ್ದಾರೆ.

ಈಗ ಕೂತುಕೋ. ಮುಂದೆ ನಿನ್ನ ಚರಿತ್ರೆ ಬರೆಯುವ ಪಂಡಿತರಿಗೆ ಅನುಕೂಲವಾಗಲೆಂದು ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ.

ನಮ್ಮ ಸಂಸ್ಥೆ ಹುಟ್ಟಿದ್ದು ಸೋಮಪ್ಪನ ಸೈಕಲ್ ಅಂಗಡಿಯ ಅಟ್ಟದ ಮೇಲೆ. ಬಂಡವಾಳ, ನಮ್ಮ ಅಕ್ಕ ಸರಿತಾಳ ಮದುವೆಗೆ ತಂದ ಎರಡು ಕ್ಯಾಸೆಟ್ಟಿನ ಟೇಪ್ ರೆಕಾರ್ಡರ್. ವಾದ್ಯವೃಂದ, ಒಂದು ಪ್ಲೈವುಡ್ ಹಲಗೆ, ಒಂದು ಸೈಕಲ್ ಪಂಪು, ಒಂದು ಗಂಟೆ. ನೀನು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಅಂಗಡಿಯಿಂದ ತಂದ ಕ್ಯಾಸೆಟ್ಟಿನಲ್ಲಿ ಯಾರೋ ಅಮೆರಿಕದವನು ಉಸಿರು ಬಿಡದೆ ಬೈಯುತ್ತಿದ್ದ. ಅದನ್ನು ಕೇಳಿ ನೀನು, ಇಂವಾ ಯಾರನ್ನೋ ಬೈಯಾಕತ್ತಾನ, ಆದರ ತಾಳ ತಪ್ಪಸವಲ್ಲ, ಇದು ನಮಗೂ ಬರ್ತೈತಿ ಅಂದೆ. ಮೊದಲ ಹಾಡು ಕೇಳಿದ ಸೋಮಪ್ಪ ಕೆಳಗಿನಿಂದಲೇ, ರೇಷನ್ ಅಂಗಡಿ ಮುಂದಿನ ಜಗಳಾನ ಅಟ್ಟಕ್ಕ ಯಾಕ ತಂದೀರಿ ಅಂತ ಕೂಗಿದ. ಅದೇ ನಮಗೆ ಸಿಕ್ಕ ಮೊದಲ ವಿಮರ್ಶೆ. ಹಳಿಯಾಳದಲ್ಲಿ ಎರಡು ಮೈಕು ಹೋದ ಮೇಲೆ ಮೈಕನ್ನೇ ಬಂದ್ ಮಾಡಿದರು, ನೀನು ಮೈಕಿಲ್ಲದೆ ಮುಗಿಸಿದೆ. ಜೋಯಿಡಾದಲ್ಲಿ ನಮ್ಮನ್ನೇ ಬಂದ್ ಮಾಡಿದರು.

ಆಮೇಲೆ ‘ಸುಳ್ಳು ಭೋಂಗಾ’ ಬಂತು.

ಊರ ಹೊರಗಿನ ಪ್ಲೈವುಡ್ ಕಾರ್ಖಾನೆಯಲ್ಲಿ ಮಧ್ಯಾಹ್ನ ಎರಡಕ್ಕೆ ಪಾಳಿ ಬಿಡುವ ಉಗಿ ಸೈರನ್, ಅಂದರೆ ಭೋಂಗಾ, ತಡವಾಗಿ ಕೂಗುತ್ತದೆ ಎಂಬ ಗುಸುಗುಸು ಮೊದಲಿನಿಂದಲೂ ಇತ್ತು. ಕೈಗಡಿಯಾರ ಒಳಗೆ ಒಯ್ಯುವಂತಿಲ್ಲ, ಊರಲ್ಲಿ ಗಡಿಯಾರವಿದ್ದವರು ಅದನ್ನು ಭೋಂಗಾಕ್ಕೇ ಹೊಂದಿಸುತ್ತಿದ್ದರು, ಆದ್ದರಿಂದ ಯಾರಿಗೂ ಖಾತ್ರಿಯಿರಲಿಲ್ಲ. ನೀನು ಕಂಪೌಂಡಿನ ಹೊರಗೆ ನಿಂತು, ಭೋಂಗಾ ಆಗುವವರೆಗೂ ಒಂದೇ ಉಸಿರಿಗೆ ಹಾಡುತ್ತೇನೆ ಅಂದೆ. ಹಾಡಿದೆ ಕೂಡ:

ಡಬ್ಬಿ ಖಾಲಿ ಆಗಿ ಹೋತು, ಕೈ ತೊಳಕೊಂಡು ನಿಂತೇನಿ
ಎರಡು ಹೊಡದ ಮ್ಯಾಲೂ ಇಲ್ಲೆ ಯಾರ ಟೈಮಿಗೆ ಕುಂತೇನಿ
ಭೋಂಗಾ, ನಿನ್ನ ಬಾಯಾಗ ಹೇಳು ಯಾರ ಮಾತೈತಿ
ಊರಿಗೆಲ್ಲ ಇಳಿಹೊತ್ತು, ನಿನಗ ಇನ್ನೂ ಏರೈತಿ

ಕ್ಯಾಸೆಟ್ಟಿನಲ್ಲಿ ಮೊದಲು ಪಕ್ಕದ ಚಹಾದಂಗಡಿಯ ರೇಡಿಯೋದಿಂದ ಎರಡು ಗಂಟೆಯ ವಾರ್ತೆಗೆ ಮುಂಚಿನ ಟುಂಯ್ ಟುಂಯ್. ಆಮೇಲೆ ಸರಿಯಾಗಿ ಏಳು ನಿಮಿಷ ನಿನ್ನ ಹಾಡು. ಆಮೇಲೆ ಭೋಂಗಾ. ಕೇಳಿದವರೆಲ್ಲ ಗಡಿಯಾರ ಹಿಡಿದು ಲೆಕ್ಕ ಹಾಕಿದರು. ಒಂದು ಕ್ಯಾಸೆಟ್ಟು ಇಪ್ಪತ್ತಾಯಿತು, ಇಪ್ಪತ್ತು ಆಟೋಸ್ಟ್ಯಾಂಡ್ ದಾಟಿದವು, ಕಾರ್ಖಾನೆಯವರು ಅದನ್ನು ನಿಷೇಧಿಸಿದರು. ಗೇಟಿನ ವಾಚಮನ್ ಊಟದ ಡಬ್ಬಿ ಬಿಚ್ಚಿ ಕ್ಯಾಸೆಟ್ಟು ಹುಡುಕುತ್ತಿದ್ದ. ಕ್ಯಾಸೆಟ್ಟು ಸಿಗದಿದ್ದರೆ ಪಲ್ಯದ ರುಚಿ ನೋಡಿ ಬಿಡುತ್ತಿದ್ದ.

ಇಲ್ಲಿಯವರೆಗೆ ಎಲ್ಲ ವೈಭವವೇ. ನಾವಿಬ್ಬರೂ ಮರೆತಿದ್ದು ಒಂದೇ ಸಂಗತಿ. ಆ ಭೋಂಗಾದ ಸರಪಳಿಯನ್ನು ಇಪ್ಪತ್ತೆರಡು ವರ್ಷದಿಂದ ಎಳೆಯುತ್ತಿರುವವರು ನಿನ್ನ ಅಬ್ಬಾ.

ಅಬ್ದುಲ್ ರಜಾಕ ಚಾಚಾ ಪೇಟೆಗೆ ಹೋದರೆ, ಏನ್ರೀ ಭಾಯ್, ಇವತ್ತರ ಭೋಂಗಾ ಖರೇ ಹೇಳ್ತೇನ್ರಿ ಅಂತ ಜನ ಕೇಳತೊಡಗಿದರು. ಅವರು ನಿನ್ನನ್ನು ಬೈಯಲೂ ಇಲ್ಲ. ಬಾಯ್ಲರ್ ಗ್ವಾಡಿ ಮ್ಯಾಲಿನ ಗಡಿಯಾರ ನೋಡಿ ಎಳದೇನಿ, ಒಂದ ದಿನಾ ತಪ್ಪಿಲ್ಲ ಅಂದರು. ನೀನು, ಟೇಪಿನಾಗ ಐತಿ ಅಬ್ಬಾ, ಒಂದು ಸಲ ಕೇಳ್ರಿ ಅಂದೆ. ಕೇಳಲಿಲ್ಲ. ನಿನ್ನ ಚೀಲ ಹೊಸ್ತಿಲ ಹೊರಗಿಟ್ಟು, ನಾ ಸುಳ್ಳಗಾರ ಅಲ್ಲ ಅಂತ ನಿನಗ ಅನ್ನಿಸಿದ ದಿನಾ ಒಳಗ ಬಾ ಅಂದರು. ನೀನು ಗಣೇಶಗುಡಿಯ ಬಸ್ಸು ಹತ್ತಿದೆ. ಅವತ್ತು ನಾನು ಸೈಕಲ್ ಅಂಗಡಿಯ ಮುಂದೆ ನಿಂತಿದ್ದೆ. ನಿನ್ನ ಕಿಸೆಯಲ್ಲಿ ಆ ಕ್ಯಾಸೆಟ್ಟಿತ್ತು. ನನಗೆ ನಗು ಬರಲಿಲ್ಲ, ಅದು ನನ್ನ ಜೀವನದಲ್ಲಿ ಅಪರೂಪದ ಘಟನೆ.

ಎರಡು ತಿಂಗಳಾಯಿತು. ಈದ್ ದಿನ ನಿನ್ನ ಅಮ್ಮಿ ಹಾಜಿರಾಬಿ ಚಾಚಿ ನಿನ್ನ ತಾಟನ್ನೂ ಹಾಕಿದ್ದರಂತೆ. ಚಾಚಾ ಅದನ್ನು ನೋಡಿದರೂ ತೆಗೆ ಅನ್ನಲಿಲ್ಲ.

ಈಗ ಕಳೆದ ಗುರುವಾರದ ಮಹಾಯುದ್ಧ.

ಲಾಲು ತನ್ನ ಟೆಂಪೋವನ್ನು ಕಾರ್ಖಾನೆ ಗೇಟಿನ ಹೊರಗೆ ನಿಲ್ಲಿಸಿಕೊಂಡು ಮಾಲಿಗೆ ಕಾಯುತ್ತಿದ್ದ. ಸಾಂಸ್ಕೃತಿಕ ಕಾರಣಗಳಿಗಾಗಿ ನಾನೂ ಪಕ್ಕದಲ್ಲಿದ್ದೆ. ಅಂವಾ ಹೊಸ ಸ್ಪೀಕರ್ ಹಾಕಿಸಿದ್ದ. ನಿನ್ನ ಕ್ಯಾಸೆಟ್ಟು ಹಚ್ಚಿ, ದನಿಯನ್ನು ಕೊನೆಯವರೆಗೂ ತಿರುವಿದ. ಸಮಯ ಮಧ್ಯಾಹ್ನ ಒಂದು ಮೂವತ್ತು ದಾಟಿತ್ತು. ಹಾಡಿನ ಕೊನೆಯಲ್ಲಿ ಭೋಂಗಾ ಕೂಗಿತು ನೋಡು, ಒಳಗಿನ ಮಿಷನ್ನುಗಳು ಒಂದೊಂದಾಗಿ ನಿಂತವು. ಕೈ ತೊಳೆದುಕೊಂಡು, ಡಬ್ಬಿ ಹಿಡಿದುಕೊಂಡು, ಇಡೀ ಪಾಳಿ ಗೇಟಿಗೆ ಬಂದುಬಿಟ್ಟಿತು. ಇಪ್ಪತ್ತೆರಡು ವರ್ಷದ ಕಿವಿಗಳು ಲಾಲುವಿನ ಸ್ಪೀಕರಿಗೆ ಮೋಸ ಹೋಗಿದ್ದವು.

ಅದೇ ಹೊತ್ತಿಗೆ ಚಾಚಾ ಬಾಯ್ಲರಿನ ಪಕ್ಕ, ಸರಪಳಿಯ ಕೆಳಗೆ ಕೈಕಟ್ಟಿ ಕೂತಿದ್ದರು. ತಾವು ಮುಟ್ಟದ ತಮ್ಮ ಭೋಂಗಾ ಗೋಡೆಯಾಚೆ ಕೂಗುವುದನ್ನು ಕೇಳಿದರು. ಎದ್ದು ಸರಪಳಿಯನ್ನು ನೋಡಿದರಂತೆ, ಆಮೇಲೆ ತಮ್ಮ ಕೈ ನೋಡಿಕೊಂಡರಂತೆ.

ಸೂಪರ್‌ವೈಸರ್ ಓಡಿ ಬಂದ. ಅಪ್ಪ-ಮಗ ಕೂಡಿ ಮಾಡಿದ ಆಟ ಇದು, ತಪ್ಪಾತು ಅಂತ ಬರದು ಕೊಟ್ಟು ಮನಿಗೆ ಹೋಗು ಅಂದ, ಎಲ್ಲರೆದುರಿಗೆ. ಲಾಲುವನ್ನೂ ಕ್ಯಾಸೆಟ್ಟನ್ನೂ ಒಳಗೆ ಎಳೆದು ತಂದರು. ತಮ್ಮ ಪ್ರಚಾರ ಮಂತ್ರಿಯು ಟೆಂಪೋದ ತಾಡಪತ್ರಿಯ ಕೆಳಗೆ ವ್ಯೂಹಾತ್ಮಕವಾಗಿ ಮಲಗಿದ್ದನಾದರೂ, ಕಾಲು ಹೊರಗಿದ್ದುದರಿಂದ ಅವನನ್ನೂ ತಂದರು.

ಆಗ ಚಾಚಾ ಬಾಯಿ ಬಿಟ್ಟರು. ಬರದು ಕೊಡ್ತೇನ್ರಿ ಸಾಹೇಬ್ರ, ಆದರ ಯಾತಕ್ಕ ಬರದು ಕೊಡಬೇಕು ಅನ್ನೂದು ಮೊದಲು ಕೇಳ್ತೇನಿ, ಹಚ್ಚು ಆ ಕ್ಯಾಸೆಟ್ಟ ಅಂದರು. ಕ್ಯಾಂಟೀನಿನಲ್ಲಿ ಎಲ್ಲರೂ ನೆರೆದರು. ಅಡುಗೆಯ ಕಾಶೆವ್ವ ತನ್ನ ರೇಡಿಯೋ-ಟೇಪು ಕೊಟ್ಟಳು. ಏಳು ನಿಮಿಷ ಚಾಚಾ ನಿನ್ನ ಹಾಡು ಕೇಳಿದರು, ಅಯಾಜ. ನಿಂತುಕೊಂಡೇ, ಕಣ್ಣು ಮುಚ್ಚಿ. ‘ಯಾರ ಮಾತೈತಿ’ ಅನ್ನುವಲ್ಲಿ ಅವರ ಹೆಬ್ಬೆರಳು ತೊಡೆಯ ಮೇಲೆ ತಾಳ ಹಾಕಿತು. ನಾನು ನೋಡಿದೆ. ಯಾರಿಗೂ ಹೇಳಬೇಡ.

ಸೂಪರ್‌ವೈಸರ್ ಸುಮ್ಮನಿರಲಿಲ್ಲ. ಮದ್ಯಾನ ಎರಡಕ್ಕ ರೇಡಿಯೋ ಹಿಂದ ಕೋಳಿ ಯಾಕ ಕೂಗ್ತೈತಿ, ಇದು ಬನಾವಟಿ ಅಂದ. ನಾನು ಲಾಲುವಿನ ಬೆನ್ನ ಹಿಂದೆ ಸರಿದೆ. ಕಾಶೆವ್ವ ಸೌಟು ಹಿಡಿದುಕೊಂಡೇ, ಅದೂ ನಿಮ್ಮ ಗಡಿಯಾರ ನೋಡ್ಕೊಂಡು ಕೂಗಿರಬೇಕ್ರಿ ಸಾಹೇಬ್ರ ಅಂದಳು. ಕ್ಯಾಂಟೀನು ಹಂಚು ಹಾರಿಹೋಗುವಂತೆ ನಕ್ಕಿತು.

ನಗು ಮುಗಿಯುವ ಮೊದಲೇ ಚಾಚಾ ಕ್ಯಾಸೆಟ್ಟು ತೆಗೆದು, ರೇಡಿಯೋ ಹಚ್ಚಿ, ಅದನ್ನು ಎತ್ತಿಕೊಂಡು ಬಾಯ್ಲರಿನ ಕಡೆ ನಡೆದರು. ಪಾಳಿ ಪೂರ್ತಿ ಹಿಂದೆ. ಗೋಡೆಯ ಗಡಿಯಾರದ ಕೆಳಗೆ ನಿಂತರು. ರೇಡಿಯೋ ಟುಂಯ್ ಟುಂಯ್ ಅಂತ ಎರಡು ಗಂಟೆ ಸಾರಿತು. ಗೋಡೆಯ ಗಡಿಯಾರದಲ್ಲಿ ಒಂದು ಐವತ್ತಾರು.

ನಾಲ್ಕು ನಿಮಿಷ, ಅಯಾಜ. ಆ ಗಡಿಯಾರಕ್ಕೆ ಕೀಲಿ ಕೊಡುವವನು ಸೂಪರ್‌ವೈಸರ್, ಅದರ ಪೆಟ್ಟಿಗೆಯ ಬೀಗದ ಕೈ ಅವನ ಉಡಿದಾರದಲ್ಲೇ ಇರುತ್ತದೆ. ಚಾಚಾ ಅವನ ಮುಖ ನೋಡಲಿಲ್ಲ. ಸರಪಳಿ ಹಿಡಿದು ಎಳೆದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗೋಡೆಯ ಗಡಿಯಾರ ಕೇಳದೆ ಎಳೆದರು. ಅಷ್ಟು ಉದ್ದನೆಯ ಭೋಂಗಾವನ್ನು ನಾನು ಕೇಳಿಲ್ಲ. ಸೈಕಲ್ ಅಂಗಡಿಯಲ್ಲಿದ್ದ ಸೋಮಪ್ಪ ಪಂಪು ಬಿಟ್ಟು ಎದ್ದು ನಿಂತನಂತೆ.

ಕ್ಯಾಸೆಟ್ಟಿನಾಗ ಏಳು ನಿಮಿಷ, ಇಲ್ಲಿ ನಾಕು, ಉಳಿದ ಮೂರು ಎಲ್ಲಿ ಹೋದವು ಅಂತ ಯಾರೋ ಕೇಳಿದರು. ಬಿಸಿಲಿಗೆ ರೀಲು ಹಿಗ್ಗುತ್ತದೆ, ಇದು ವಿಜ್ಞಾನ ಎಂದು ನಾನು ಗಂಭೀರವಾಗಿ ನುಡಿದೆ. ಒಪ್ಪಿದರು. ಗೆದ್ದವರು ಲೆಕ್ಕ ಕೇಳುವುದಿಲ್ಲ.

ಶುಕ್ರವಾರ ಸೂಪರ್‌ವೈಸರನಿಗೆ ಬೇರೆ ಊರಿಗೆ ಬದಲಿ ಆಯಿತು. ಈಗ ಭೋಂಗಾ ರೇಡಿಯೋ ಕೇಳಿ ಕೂಗುತ್ತದೆ. ವಾಚಮನ್ ಈಗಲೂ ಡಬ್ಬಿ ಬಿಚ್ಚುತ್ತಾನೆ, ಅದು ಬರೀ ಪಲ್ಯಕ್ಕೆ. ನಿನ್ನ ಹಾಡನ್ನು ಜೋಯಿಡಾದ ಬಸ್ಸಿನಲ್ಲೂ ಹಚ್ಚುತ್ತಾರೆ. ಹಳಿಯಾಳದ ಗ್ಯಾದರಿಂಗಿನವರು ಮುಂದಿನ ವರ್ಷಕ್ಕೆ ಮೂರು ಮೈಕು ಕೊಡುತ್ತಾರಂತೆ, ಒಂದು ಒಡೆಯಲಿಕ್ಕೆ.

ಚಾಚಾ ನಿನ್ನೆ ತಾವಾಗಿ ಅಟ್ಟ ಹತ್ತಿ ಬಂದರು. ತಲೆ ತೊಲೆಗೆ ಬಡಿಯಿತು. ಪ್ಲೈವುಡ್ ಹಲಗೆ, ಪಂಪು, ಗಂಟೆ ಎಲ್ಲ ನೋಡಿ, ಇಷ್ಟರಾಗ ಮಾಡಿದ್ರ್ಯಾ ಅಂದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: ನಿನ್ನ ದೋಸ್ತಗ ಬರಿ. ಭೋಂಗಾ ಸುಳ್ಳ ಹೇಳಿದ್ದು ಖರೇ. ಎಳದಾಂವಾ ಹೇಳಲಿಲ್ಲ. ಹಾಡಿನಾಗ ಅದೊಂದು ಸಾಲು ಕಡಿಮಿ ಐತಿ. ಬಂದು ಹಾಕು ಅನ್ನು. ಮನ್ಯಾಗ ಕುಂತು ಬರದರ ಛಲೋ, ಅವನ ಅಮ್ಮಿ ಕಣ್ಣಿಗೆ ಕಾಣ್ತಾನ.

ಆದ್ದರಿಂದ ಶಾಸನ ಹೀಗಿದೆ. ಬರುವ ಶನಿವಾರ, ಹದಿನೆಂಟನೇ ತಾರೀಖು, ಗೇಟಿನ ಮುಂದೆ ಕಾರ್ಮಿಕರ ಸಭೆ. ಒಂದು ಐವತ್ತಮೂರಕ್ಕೆ ನೀನು ಶುರು ಮಾಡಬೇಕು, ಹೊಸ ಸಾಲು ಸೇರಿಸಿ. ಎರಡಕ್ಕೆ ಸರಿಯಾಗಿ ಮುಗಿಸಬೇಕು. ಮುಗಿದ ಕ್ಷಣಕ್ಕೆ ನಿನ್ನ ಅಬ್ಬಾ ಸರಪಳಿ ಎಳೆಯುತ್ತಾರೆ. ಈ ಸಲ ಭೋಂಗಾ ಕ್ಯಾಸೆಟ್ಟಿನದಲ್ಲ. ನೀನು ತಡ ಮಾಡಿದರೆ ಅವರು ಕಾಯುವುದಿಲ್ಲ, ಅವರ ಹೊಸ ಕೀರ್ತಿ ನಿನಗೆ ಗೊತ್ತಿಲ್ಲ.

ಗಾಳಿ ಹಾಕುವ ಪಂಪನ್ನು ಅಲ್ಲೇ ಬಿಡಬೇಡ, ತೆಗೆದುಕೊಂಡು ಬಾ. ನಮ್ಮದು ಮುರಿದಿದೆ.

ತಮ್ಮ ಪಾದಧೂಳಿಯ ಅಧಿಕೃತ ವಿತರಕ,
ಕುಬೇರ
(ಬಿರುದುಗಳನ್ನು ಜಾಗ ಸಾಲದೆ ಕೈಬಿಡಲಾಗಿದೆ)

ತಾ.ಕ.: ಕಂಪೌಂಡಿನ ಪಕ್ಕದ ಚಹಾದಂಗಡಿಯಲ್ಲಿ ರೇಡಿಯೋ ಇಲ್ಲ. ಯಾವತ್ತೂ ಇರಲಿಲ್ಲ. ಆ ಟುಂಯ್ ಟುಂಯ್ ಅನ್ನು ನಾನು ನಮ್ಮೂರು ಪಾಳಾದಲ್ಲಿ, ಬೆಳಗಿನ ವಾರ್ತೆಯ ಹೊತ್ತಿಗೆ ತುಂಬಿಕೊಂಡು ಬಂದು ನಿನ್ನ ಹಾಡಿನ ತಲೆಗೆ ಅಂಟಿಸಿದೆ. ಸುಮ್ಮನೆ, ಕೇಳಲು ಚೆನ್ನಾಗಿದೆ ಅಂತ. ಚಹಾದಂಗಡಿಯಿಂದ ತಾನಾಗಿಯೇ ರೀಲಿಗೆ ಸಿಕ್ಕಿತು ಅಂತ ನಿನಗೆ ಹೇಳಿದ್ದು ತಮಾಷೆಗೆ. ನೀನು ಅದನ್ನು ಹಿಡಿದುಕೊಂಡು ಅಬ್ಬಾನ ಮುಂದೆ ನಿಂತ ಮೇಲೆ ಹೇಳುವ ಧೈರ್ಯ ಬರಲಿಲ್ಲ. ಗಡಿಯಾರ ನಿಜಕ್ಕೂ ಹಿಂದಿದ್ದದ್ದು ನನ್ನ ಪುಣ್ಯ. ಈಗ ಚಾಚಾ ಆ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ, ಸಾಕ್ಷಿ ಅಂತ. ಬಂದ ಮೇಲೆ ನನ್ನನ್ನು ಹೊಡಿ, ಅವರಿಗೆ ಮಾತ್ರ ಹೇಳಬೇಡ. ಆ ಕೋಳಿಯ ಚಿಂತೆಯೂ ಬೇಡ. ಅದು ನಮ್ಮ ಮನೆಯ ಹುಂಜ. ಈದಿಗೆ ನಮ್ಮ ಅವ್ವ ಅದನ್ನು ನಿಮ್ಮ ಮನೆಗೇ ಕಳಿಸಿದ್ದಳು. ನಿನ್ನ ಅಬ್ಬಾ ಎರಡು ಸಲ ಹಾಕಿಸಿಕೊಂಡು ತಿಂದರಂತೆ.