ಒಂದೇ ಮೂಲೆಯ ಎರಡು ಹಗ್ಗ

ಭಾನುವಾರ, ಮಧ್ಯಾಹ್ನ

ಪುಟ್ಟಿ,

ಅರವತ್ತು ದಾಟಿದವಳನ್ನು ಹೀಗೆ ಕರೆಯಬಾರದು, ಆದರೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಕ್ಷೇಮ ಕೇಳುವ ಮೊದಲೇ ಜಗಳಕ್ಕೆ ಬರುತ್ತಿದ್ದೇನೆ.

ನಿನ್ನೆ ಬಂದರಿನ ಸಂಗ್ರಹಾಲಯಕ್ಕೆ ಹೋಗಿದ್ದೆ. ನೀನು ಕಳಿಸಿದ ಆಹ್ವಾನ ಪತ್ರಿಕೆಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಟಿಕೆಟ್ ಕೊಂಡು ಒಳಗೆ ಹೋದೆ. ಅಪ್ಪ ಹಗ್ಗ ಕಟ್ಟುತ್ತಿದ್ದ ಹಳೆಯ ಹಾಯಿಹಡಗನ್ನು ದುರಸ್ತಿ ಮಾಡಿ ನಿಲ್ಲಿಸಿದ್ದಾರೆ. ಹಾಯಿ ಕಟ್ಟುವ ಕೂವೆಮರದ ಬುಡದಲ್ಲಿ ಒಂದೊಂದು ಹಗ್ಗಕ್ಕೂ ಒಂದು ಫಲಕ: ಹೆಸರು, ಅರ್ಥ, ಕೆಲಸ. ಪ್ರತಿಯೊಂದರ ಕೆಳಗೂ “ವಿವರಣೆ: ಹಗ್ಗದ ಮೇಸ್ತ್ರಿಯ ಮಗಳು.” ಮೇಸ್ತ್ರಿಗೆ ಎಷ್ಟು ಜನ ಮಕ್ಕಳಪ್ಪಾ ಎಂದು ಟಿಕೆಟ್ ಕೊಡುವವನನ್ನು ಕೇಳಿದೆ. “ಒಬ್ಬರೇ ಅಂತ ಕಾಣುತ್ತಮ್ಮ. ಪೇಪರಲ್ಲೂ ಅವರದೊಂದೇ ಫೋಟೋ ಬಂದಿತ್ತಲ್ಲ” ಅಂದ.

ಮೂವತ್ತೈದು ವರ್ಷ ಗ್ರಂಥಾಲಯದಲ್ಲಿ ದುಡಿದವಳು ನಾನು. ಹಡಗಿನ ಬಗ್ಗೆ ಯಾವ ಪುಸ್ತಕ ಬಂದರೂ ಓದುಗರ ಕೈಗೆ ಹೋಗುವ ಮೊದಲು ನಾನು ಓದಿ ಮುಗಿಸಿರುತ್ತಿದ್ದೆ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಪ್ಪನೇ ಕೇಳದಿದ್ದ ಮೇಲೆ ಉಳಿದವರದೇನು? ಹಿತ್ತಲಲ್ಲಿ ಕಂಬ ನೆಟ್ಟು, ಹಗ್ಗಗಳನ್ನು ಇಳಿಬಿಟ್ಟು, ನಿನ್ನ ಕಣ್ಣಿಗೆ ಬಟ್ಟೆ ಕಟ್ಟಿ, “ಮುಟ್ಟಿ ಹೇಳು ಮರಿ, ಇದ್ಯಾವ್ದು?” ಎನ್ನುತ್ತಿದ್ದರು. ನೀನು ಸರಿಯಾಗಿ ಹೇಳಿದರೆ ಹೆಗಲೇರಿಸಿಕೊಂಡು ಕುಣಿಯುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತಾ ನಿನಗಿಂತ ಮೊದಲೇ ಉತ್ತರ ಹೇಳುತ್ತಿದ್ದೆ, ಪಾತ್ರೆಗಳಿಗೆ: ಸ್ಟೇ, ಕೂವೆಮರ ವಾಲದಂತೆ ಹಿಡಿಯುವುದು; ಹ್ಯಾಲಿಯರ್ಡ್, ಹಾಯಿ ತೂಗುವ ಅಡ್ಡಮರವನ್ನು ಮೇಲೇರಿಸುವುದು. ಅಮ್ಮ ಒಮ್ಮೆ ಕೇಳಿಸಿಕೊಂಡು, “ನಿನಗ್ಯಾಕೇ ಹೊಟ್ಟೆಕಿಚ್ಚು, ಅವಳು ಚಿಕ್ಕವಳಲ್ವಾ?” ಅಂದಳು. ಆ ಮಾತು ಇನ್ನೂ ಚುಚ್ಚುತ್ತದೆ, ನಿಜವಾಗಿದ್ದರಿಂದಲೇ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಫಲಕಗಳಲ್ಲಿ ಎರಡು ತಪ್ಪು. ಶೀಟ್ ಎಂದರೆ ಹಾಯಿಯ ಬಟ್ಟೆಯಲ್ಲ, ಹಗ್ಗ ಎಂದು ಸರಿಯಾಗಿಯೇ ಬರೆದಿದ್ದೀಯ. ಆದರೆ ಅದು ಹಾಯಿಯ ಕೆಳಮೂಲೆಯನ್ನು ಮೇಲಕ್ಕೆಳೆದು ಮುದುಡಿಸುತ್ತದೆ ಎಂದಿದ್ದೀಯ. ಪೂರ್ತಿ ತಲೆಕೆಳಗು! ಶೀಟ್ ಆ ಮೂಲೆಯನ್ನು ಕೆಳಕ್ಕೆ ಬಿಗಿದು ಹಾಯಿಯನ್ನು ಗಾಳಿಗೆ ಒಡ್ಡುತ್ತದೆ. ಮುದುಡಿಸುವುದು ಕ್ಲೂಲೈನ್; ಅದರ ಫಲಕದಲ್ಲಿ ಶೀಟಿನ ಕೆಲಸ ಬರೆದಿದ್ದೀಯ. ಒಂದೇ ಮೂಲೆಗೆ ಕಟ್ಟಿದ ಎರಡು ಹಗ್ಗ, ಒಂದರ ಕೆಲಸ ಇನ್ನೊಂದಕ್ಕೆ ವಿರುದ್ಧ. ಮುಂದಿನ ತಿಂಗಳು ಹಡಗು ನೀರಿಗಿಳಿಯುತ್ತದಂತೆ. ಹೊಸ ನಾವಿಕರು ಈ ಫಲಕ ಓದಿಯೇ ಕಲಿಯುತ್ತಾರಂತೆ. ಬಿರುಗಾಳಿಯಲ್ಲಿ ಹಾಯಿ ಮುದುಡಿಸಲು ಹೋಗಿ ಶೀಟ್ ಎಳೆದವರ ಗತಿಯೇನು? ಸಂಗ್ರಹಾಲಯದ ಮೇಲ್ವಿಚಾರಕರಿಗೂ ಅನುಮಾನ ಬಂದಿತ್ತಂತೆ. ನೀನು, “ನಮ್ಮಪ್ಪ ಹೇಳಿದ್ದೇ ಹೀಗೆ, ಬೇಕಾದ್ರೆ ನಿಮ್ಮ ಪುಸ್ತಕ ತಿದ್ಕೊಳ್ಳಿ” ಅಂದೆಯಂತೆ. ಪಾಪ, ಅವರು ಹಾಗೇ ಬರೆಸಿ ನಿಲ್ಲಿಸಿದರು.

ಫಲಕಗಳನ್ನೆಲ್ಲ ಕಿತ್ತು ನನ್ನಿಂದ ಬರೆಸಬೇಕೆಂದು ಅವರಿಗೆ ದೂರು ಬರೆದಿಟ್ಟಿದ್ದೇನೆ. ನಾಳೆ ಅಂಚೆಗೆ ಹಾಕುತ್ತೇನೆ. ಬೆನ್ನ ಹಿಂದೆ ಮಾಡಿದಳು ಅನ್ನಬೇಡ. ಅದಕ್ಕೇ ಮೊದಲು ನಿನಗೆ ತಿಳಿಸುತ್ತಿದ್ದೇನೆ.

ಇಂತಿ,
ಮೇಸ್ತ್ರಿಯ ಇನ್ನೊಬ್ಬ ಮಗಳು

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ದೂರನ್ನು ಹರಿದು ಹಾಕಿದೆ. ಅಪ್ಪ ಹಾಗೆ ಹೇಳಿರಲಿಲ್ಲ, ಪುಟ್ಟಿ. ನಾನು ಹಾಗೆ ಓದಿದೆ. ಹಡಗಿನಲ್ಲಿ ಹೋಗಿದ್ದಾಗ ದೂರದ ಬಂದರಿನಿಂದ ಅವರು ಬರೆದ ಕೊನೆಯ ಪತ್ರ ನಿನ್ನ ಹೆಸರಿಗೇ ಬಂದಿತ್ತು. ಹೇಳಿಕೊಡದೆ ಉಳಿದಿದ್ದ ಎರಡು ಹಗ್ಗಗಳ ಅರ್ಥ ಅದರಲ್ಲಿತ್ತು. ನಿನಗಿನ್ನೂ ಓದಲು ಬರುತ್ತಿರಲಿಲ್ಲ. ಗಟ್ಟಿಯಾಗಿ ಓದಿ ಹೇಳುವಾಗ ಎರಡನ್ನೂ ಅದಲುಬದಲು ಮಾಡಿದೆ. ಅಪ್ಪ ಬಂದಾಗ ನೀನು ಒಮ್ಮೆಯಾದರೂ ತಪ್ಪು ಹೇಳಲಿ ಎಂದು. ಅವರು ಬರಲೇ ಇಲ್ಲ. ಪತ್ರ ಕಳೆದುಹೋಯಿತೆಂದು ನಿನಗೆ ಹೇಳಿದೆ. ಅದು ಈ ಲಕೋಟೆಯೊಳಗಿದೆ. ಆ ದಿನ ಅದರ ಕೊನೆಯ ಸಾಲುಗಳನ್ನು ಓದದೆ ನುಂಗಿಕೊಂಡಿದ್ದೆ, ಈಗ ನೀನೇ ಓದು: “ದೊಡ್ಡವಳಿಗೆ ಪ್ರತ್ಯೇಕವಾಗಿ ಬರೆಯುತ್ತಿಲ್ಲ. ಕಿಟಕಿಯಲ್ಲಿ ನಿಂತು ಅವಳು ಎಲ್ಲವನ್ನೂ ಕಲಿತಿರುವುದು ನನಗೆ ಗೊತ್ತು. ನೀನು ತಪ್ಪಿದರೆ ಅಕ್ಕ ತಿದ್ದುತ್ತಾಳೆ.”