ಹದಿನಾಲ್ಕನೇ ವಾರದ ಡಬ್ಬಿ

ಫೆಬ್ರವರಿ ೯, ಭಾನುವಾರ

ನನ್ನ ಗುಬ್ಬಿ,

ಹೇಗಿದ್ದೀಯ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಆದರೂ ಕೇಳುತ್ತಿದ್ದೇನೆ. ಮಗು ಹೊಟ್ಟೆಯಲ್ಲೇ ಹೋಗಿ ಮೂರು ವಾರವಾಯಿತು. ನೀನು ಫೋನು ಎತ್ತುವುದಿಲ್ಲ. ಕಾಗದ ಬರೆಯಲು ತಡವಾಯಿತು, ಕ್ಷಮಿಸು. ಸೌಟು ಹಿಡಿದ ಕೈಗೆ ಪೆನ್ನು ಭಾರ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಹೊಟ್ಟೆ ಕಟ್ಟಿಕೊಳ್ಳುತ್ತದೆ ಎನ್ನುತ್ತಿದ್ದರಲ್ಲ, ದಿನಾ ಬಟಾಣಿ ಬೇಯಿಸಿ ಕೊಡುತ್ತಿದ್ದೇನೆ. ಅದರ ನಾರು ಕೆಲಸ ಮಾಡಿದೆ. "ನಿನ್ ರೋಗಿಗಳ ಪಟ್ಟಿಗೆ ನನ್ನೂ ಸೇರಿಸಿಬಿಟ್ಯಾ?" ಎಂದು ಗೊಣಗುತ್ತಲೇ ತಟ್ಟೆ ಖಾಲಿ ಮಾಡುತ್ತಾರೆ.

ನಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಈಗ ದಿನಕ್ಕೆರಡು ಮೂಟೆ ಬಟಾಣಿ ಬಿಡಿಸುತ್ತೇವೆ. ಹೊಸದಾಗಿ ಸೇರಿದ ಅಡುಗೆಯವಳು ಮೊನ್ನೆ ಸೋಡಾ ಹಾಕಲು ಹೋದಳು. "ಬಣ್ಣ ಉಳಿಯುತ್ತೆ, ಸತ್ವ ಹೋಗುತ್ತೆ ಕಣೇ. ಕುದಿಯೋ ನೀರಿಗೆ ಹಾಕು, ಮುಚ್ಚಳ ಮುಚ್ಚಬೇಡ, ಮೂರು ನಿಮಿಷಕ್ಕೆ ತೆಗೆದು ತಣ್ಣೀರಿಗೆ ಬಿಡು" ಎಂದೆ. ಗೋಡೆಯ ಪಥ್ಯದ ಪಟ್ಟಿ ಓದಿ ಹೇಳುತ್ತಾ ಗರ್ಭಿಣಿಯರ ಸಾಲಿಗೆ ಬಂದಾಗ ಅದೊಂದನ್ನು ಬಿಟ್ಟು ಮುಂದಕ್ಕೆ ಹೋದೆ. ಬಟಾಣಿಯಲ್ಲಿರುವ ಫೋಲೇಟ್ ಎಂಬ ಸತ್ವ ಮಗುವಿನ ಬೆನ್ನುಹುರಿಗೆ ಒಳ್ಳೆಯದು ಎಂದಿದೆ ಅಲ್ಲಿ. ಅದನ್ನು ನಂಬಿಯೇ ಅಲ್ಲವೇ ನಾನು ವಾರಕ್ಕೊಂದು ಡಬ್ಬಿಯಂತೆ ಬೇಯಿಸಿ, ಕೆಲಸದ ಅಭ್ಯಾಸದಂತೆ ಚೀಟಿ ಅಂಟಿಸಿ, ತಾರೀಕಿನ ಬದಲು ನಿನ್ನ ಬಸಿರಿನ ವಾರ ಬರೆದು, ನಿನ್ನ ಫ್ರಿಜ್ಜಿನಲ್ಲಿ ತುಂಬಿದ್ದು. ಚಿಕ್ಕಂದಿನಲ್ಲಿ ನೀನು ಬಟಾಣಿಯನ್ನು ಒಂದೊಂದೇ ಹೆಕ್ಕಿ ತಟ್ಟೆಯಂಚಿಗೆ ತಳ್ಳುತ್ತಿದ್ದೆ. ಈಗಲೂ ಹಾಗೇ ಎಂದುಕೊಂಡಿದ್ದೆ.

ಮೈಯಲ್ಲಿ ರಕ್ತ ಕಡಿಮೆಯಾಗಿರುತ್ತದೆ, ಹೊತ್ತಿಗೆ ಸರಿಯಾಗಿ ಊಟ ಮಾಡು. ಏನಾದರೂ ಸರಿ, ಬಟಾಣಿಯೇ ಆಗಬೇಕೆಂದಿಲ್ಲ. ಅಳಿಯಂದಿರನ್ನೂ ನೋಡಿಕೋ, ಅವರೂ ಅತ್ತಿರುತ್ತಾರೆ. ನೂರು ಕಾಲ ಬಾಳು, ನನ್ನ ಮೇಲೆ ಕೋಪ ಇಟ್ಟುಕೊಂಡೇ ಆದರೂ.

ನಿನ್ನ
ಅಮ್ಮ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ವಾರ್ಡಿಗೆ ಬಂದವಳು ನಿನ್ನ ತಲೆ ಸವರುವ ಮೊದಲೇ, "ಬಟಾಣಿ ತಿಂದಿದ್ಯಾ, ಇಲ್ವಾ?" ಎಂದು ಕೇಳಿಬಿಟ್ಟೆ. ನೀನು ಗೋಡೆಯ ಕಡೆ ತಿರುಗಿಕೊಂಡೆ. ಯಾವ ಊಟದಿಂದಲೂ ಇದು ತಪ್ಪುತ್ತಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ನಿನ್ನ ಬಟ್ಟೆ ತರಲು ನಿಮ್ಮ ಮನೆಗೆ ಹೋದಾಗ ಫ್ರಿಜ್ಜು ತೆರೆದೆ. ನೀನು ಆಸ್ಪತ್ರೆ ಸೇರಿದ ವಾರದ್ದು, ಹದಿನಾಲ್ಕನೇ ವಾರದ ಡಬ್ಬಿ, ಒಂದೇ ಇತ್ತು. ಉಳಿದವನ್ನೆಲ್ಲ ನೀನು ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿದ್ದೆ. ಒಂದು ಕಾಳೂ ಬಿಡದೆ ತಿಂದಿದ್ದೆ, ಮಗಳೇ.