ಹಿಲ್ಲಾಳ ಕೈಗೆ ಇಪ್ಪತ್ತೆಂಟು ಪೌಂಡು

ಶನಿವಾರ, ನವೆಂಬರ್ 9

ಬಂತು, ಬಂತು, ಸರಿಯಾಗಿ ಇಪ್ಪತ್ತೆಂಟು ಪೌಂಡಿನ ಎಳೆತ! ನನ್ನ ಹೆಂಡತಿಗೆ (ಹೆಂಡತಿ! ಬರೆಯಲು ಎಷ್ಟು ಚೆನ್ನ) ಒಪ್ಪುವ ಬಿಲ್ಲು ಕೊನೆಗೂ ಆಯಿತು. ಮದುವೆಯ ದಿನ ಕೊಟ್ಟದ್ದು ಮೂವತ್ತೆಂಟರದು, ಅವಳ ಕೈಗೆ ಬಗ್ಗಲೇ ಇಲ್ಲ. "ಇದನ್ನ ನನಗೆ ಮಾಡಿದ್ಯೋ, ನಿನಗೆ ಮಾಡ್ಕೊಂಡ್ಯೋ?" ಎಂದು ಎಲ್ಲರೆದುರು ನಕ್ಕಿದ್ದಳು ಹಿಲ್ಲಾ. ಈ ಸಲ ಮರದ ಪಟ್ಟಿ, ಫೈಬರ್‌ಗ್ಲಾಸ್ ಎರಡನ್ನೂ ತೆಳುಮಾಡಿದೆ. ಒಂದೇ ಮಿಲಿಮೀಟರಿಗೆ ಹತ್ತು ಪೌಂಡು ಇಳಿಯಿತು! ಅಂಟು ಬಿಸಿಗೆ ಗಟ್ಟಿಯಾಗಲೆಂದು ಬೆವರುಸ್ನಾನದ ಕೋಣೆ ಸೌನಾವನ್ನೇ ಬಿಲ್ಲಿಗೆ ಬಿಟ್ಟುಕೊಟ್ಟು ಎರಡು ಶನಿವಾರವಾಯಿತು. ಒಬ್ಬನೇ ಬೆವರುವುದಕ್ಕಿಂತ ಅದೇ ವಾಸಿ.

ಅವಳ ತೋಳಿನ ಅಳತೆಗೆ ಎಳೆದು ನೋಡಿದೆ. ದಾರ ನನ್ನ ಗಲ್ಲದಿಂದ ಮೂರು ಬೆರಳು ಮುಂದೆ ನಿಂತಿತು. ಅವಳಿದ್ದಿದ್ದರೆ ಅವಳ ಗಲ್ಲ ಅಲ್ಲಿರುತ್ತಿತ್ತು. ತೋಳು ನಡುಗುವವರೆಗೆ ಬಿಡಲಿಲ್ಲ.

ಫೋನಿನಲ್ಲಿ ಹೇಳಿದರೆ, "ಇದೂ ಬಗ್ಗದಿದ್ರೆ ಇದರ ದಾರದ ಮೇಲೆ ಬಟ್ಟೆ ಒಣಗಿಸ್ತೀನಿ ನೋಡು," ಅಂದಳು. ಒಣಗಿಸಲಿ, ಇಲ್ಲೇ ಇದ್ದು ಒಣಗಿಸಲಿ. ಶುಕ್ರವಾರ ಬರುತ್ತಾಳೆ, ಈಗ ಅವಳಿರುವ ಊರು ಔಲುವಿನಿಂದ ಬರುವ ಸಂಜೆ ಆರೂ ಇಪ್ಪತ್ತರ ರೈಲಿಗೆ.